ಬಾರದೇ ಹೋದವರ ಲೆಕ್ಕ

2018ರ ಮೇ 25ರಂದು ಯುರೋಪಿನಲ್ಲಿ ಜಿಡಿಪಿಆರ್ ಜಾರಿಗೆ ಬಂತು. ಓದುಗರ ಬೆನ್ನು ಹತ್ತಿ ಅವರ ಮಾಹಿತಿ ಕಲೆಹಾಕುವ ಜಾಲತಾಣಗಳು ಇನ್ನು ಮುಂದೆ ಅದಕ್ಕೆ ತಕ್ಕ ಉತ್ತರ ಕೊಡಬೇಕೆಂದು ಹೇಳಿದ ಕಾಯಿದೆ ಅದು. ಅಮೆರಿಕದ ಕೆಲವು ಪತ್ರಿಕೆಗಳು ಈ ಗೊಡವೆಯೇ ಬೇಡವೆಂದು ಯುರೋಪಿನ ಓದುಗರಿಗೆ ಬಾಗಿಲು ಹಾಕಿಬಿಟ್ಟವು. ‘ಯುಎಸ್‌ಎ ಟುಡೇ’ ಬೇರೆ ದಾರಿ ಹಿಡಿಯಿತು. ಜಾಹೀರಾತುಗಳನ್ನೂ ಹಿಂಬಾಲಿಸುವ ಸ್ಕ್ರಿಪ್ಟ್‌ಗಳನ್ನೂ ಕಿತ್ತುಹಾಕಿ ಯುರೋಪಿಗೆಂದೇ ಒಂದು ಪ್ರತ್ಯೇಕ ಆವೃತ್ತಿ ಕೊಟ್ಟಿತು. ಅದು ಅಷ್ಟೊಂದು ಚುರುಕಾಗಿ ತೆರೆಯುವುದನ್ನು ಕಂಡ ವೆಬ್ ತಂತ್ರಜ್ಞರೊಬ್ಬರು ಅಳೆದು ನೋಡಿದರು. 5.2 ಎಂಬಿ ಇದ್ದ ಪುಟ 500 ಕೆಬಿಗೆ ಇಳಿದಿತ್ತು. ತೆರೆಯಲು 45 ಸೆಕೆಂಡಿಗೂ ಹೆಚ್ಚು ಹಿಡಿಯುತ್ತಿದ್ದದ್ದು 3 ಸೆಕೆಂಡಿಗೆ ಬಂದಿತ್ತು. ಮೊದಲು 124 ಜಾವಾಸ್ಕ್ರಿಪ್ಟ್ ಕಡತಗಳಿದ್ದವು, ಈಗ ಒಂದೂ ಇರಲಿಲ್ಲ. 500ಕ್ಕೂ ಹೆಚ್ಚು ಸಲ ಬೇರೆಬೇರೆ ಸರ್ವರ್‌ಗಳ ಕದ ತಟ್ಟುತ್ತಿದ್ದ ಪುಟ ಈಗ 34 ಸಲ ತಟ್ಟುತ್ತಿತ್ತು.

ಸುದ್ದಿ ಎರಡೂ ಕಡೆ ಅದೇ. ಯುರೋಪಿನ ಓದುಗ ಏನನ್ನೂ ಕಳೆದುಕೊಳ್ಳಲಿಲ್ಲ. ನಿಧಾನಗತಿ ಎಲ್ಲಿಂದ ಬರುತ್ತದೆ ಎನ್ನುವುದಕ್ಕೆ ಇದಕ್ಕಿಂತ ನೇರವಾದ ಪುರಾವೆ ನನಗೆ ಗೊತ್ತಿಲ್ಲ. ಕಾನೂನಿನ ಭಯ ಬಂದ ಕೂಡಲೇ ಹಗುರ ಮಾಡಲು ಸಾಧ್ಯವಾಯಿತು ಎಂದರೆ, ಅದುವರೆಗೆ ಹೊರಿಸಿದ್ದ ಭಾರ ಯಾರೋ ಕೂತು ತೀರ್ಮಾನಿಸಿ ಹೊರಿಸಿದ್ದು.

ನಮ್ಮಲ್ಲಿ ಪುಟ ತೆರೆಯದಿದ್ದರೆ ಬಾಯಿಗೆ ಬರುವ ಮೊದಲ ಮಾತು ‘ಸರ್ವರ್ ಬಿಜಿ’. ಸೈಬರ್ ಸೆಂಟರಿನವರು, ಗ್ರಾಮ ಒನ್ ಕೇಂದ್ರದವರು, ಫಲಿತಾಂಶ ನೋಡಲು ಕೂತ ವಿದ್ಯಾರ್ಥಿಗಳು ಎಲ್ಲರೂ ಇದನ್ನೇ ಹೇಳುತ್ತಾರೆ. ಎಷ್ಟೋ ಸಲ ಅದು ನಿಜ. ಲಕ್ಷಾಂತರ ಜನ ಒಂದೇ ಗಳಿಗೆಗೆ ಮುಗಿಬಿದ್ದರೆ ಸರ್ವರ್ ಮಂಡಿಯೂರುತ್ತದೆ. ಆದರೆ ಸರ್ವರ್ ತನ್ನ ಕೆಲಸ ಮುಗಿಸಿ ಕಡತ ಕಳಿಸಿದ ಮೇಲೂ ಪುಟ ಸತಾಯಿಸುವುದುಂಟು. ಇವೆರಡನ್ನು ಬೇರ್ಪಡಿಸಿ ನೋಡುವುದು ಕಷ್ಟವಲ್ಲ. ಬಿಳಿ ಪರದೆಯ ಮೇಲೆ 502, 503 ಎಂಬ ಸಂಖ್ಯೆ ಕಂಡರೆ ತೊಂದರೆ ಅತ್ತ ಕಡೆ ಇದೆ. ಪುಟ ಕಣ್ಣಿಗೆ ಕಾಣುತ್ತಿದೆ, ಆದರೆ ಬಟನ್ ಒತ್ತಿದರೆ ಮಿಸುಕುವುದಿಲ್ಲ, ಮೇಲೆ ಕೆಳಗೆ ಎಳೆದರೆ ತಡೆತಡೆದು ಚಲಿಸುತ್ತದೆ, ಫೋನ್ ಬೆನ್ನು ಬಿಸಿಯಾಗುತ್ತದೆ ಎಂದರೆ ಹೊರೆ ನಿಮ್ಮ ಕೈಯಲ್ಲೇ ಇದೆ. ಪುಟ ಕಟ್ಟಿದವರು ತಮ್ಮ ಕೆಲಸವನ್ನು ನಿಮ್ಮ ಫೋನಿಗೆ ವರ್ಗಾಯಿಸಿದ್ದಾರೆ.

ಕೊಂಡಿಯ ಮೇಲೆ ಬೆರಳಿಟ್ಟ ಮೇಲೆ ಏನೇನು ನಡೆಯುತ್ತದೆ ಎಂದು ಸ್ವಲ್ಪ ಹತ್ತಿರದಿಂದ ನೋಡೋಣ. ಬ್ರೌಸರ್ ಮೊದಲು ಜಾಲತಾಣದ ಹೆಸರು ಕೊಟ್ಟು ಅದರ ಸಂಖ್ಯಾ ವಿಳಾಸ ಪತ್ತೆ ಮಾಡುತ್ತದೆ. ಆಮೇಲೆ ಸರ್ವರ್ ಜೊತೆ ಸಂಪರ್ಕ, ಅದರ ಮೇಲೆ ಸುರಕ್ಷತೆಯ ಬೀಗಮುದ್ರೆ. ಇವೆಲ್ಲ ಹೋಗಿಬರುವ ಪ್ರಯಾಣಗಳು. ಸಿಗ್ನಲ್ ದುರ್ಬಲವಿದ್ದಷ್ಟೂ ಪ್ರತಿ ಪ್ರಯಾಣ ದೀರ್ಘ. ನಂತರವೂ ಸರ್ವರ್ ಒಮ್ಮೆಲೇ ಎಲ್ಲವನ್ನೂ ಸುರಿಯುವುದಿಲ್ಲ. ದಾರಿ ಎಷ್ಟು ತಾಳುತ್ತದೆ ಎಂದು ಗೊತ್ತಿಲ್ಲದ ಕಾರಣ ಸಾಮಾನ್ಯವಾಗಿ ಮೊದಲ ಕಂತಿನಲ್ಲಿ ಹತ್ತು ಪ್ಯಾಕೆಟ್, ಅಂದರೆ ಸುಮಾರು 14 ಕೆಬಿ ಮಾತ್ರ ಕಳಿಸುತ್ತದೆ. ಅದು ಸುರಕ್ಷಿತವಾಗಿ ತಲುಪಿತೆಂದು ಉತ್ತರ ಬಂದ ಮೇಲೆ ಕಂತನ್ನು ಹಿಗ್ಗಿಸುತ್ತ ಹೋಗುತ್ತದೆ. ಹಾಗಾಗಿ ಮುಖ್ಯ ವಿಷಯ ಆ ಮೊದಲ 14 ಕೆಬಿಯಲ್ಲೇ ಇದ್ದರೆ ದುರ್ಬಲ ಸಿಗ್ನಲ್‌ನಲ್ಲೂ ಪರದೆಯ ಮೇಲೆ ಏನಾದರೂ ಮೂಡುತ್ತದೆ. ಪುಟವೊಂದು ಹತ್ತು ಬೇರೆ ಕಂಪನಿಗಳ ಸ್ಕ್ರಿಪ್ಟ್ ಕರೆದರೆ ಈ ಇಡೀ ಶಾಸ್ತ್ರ ಹತ್ತು ಸಲ ನಡೆಯಬೇಕು.

ಕಡತ ಬಂದು ಸೇರಿದರೂ ಕಥೆ ಮುಗಿಯಲಿಲ್ಲ. 170 ಕೆಬಿಯ ಒಂದು ಚಿತ್ರ ಮತ್ತು 170 ಕೆಬಿಯ ಜಾವಾಸ್ಕ್ರಿಪ್ಟ್ ಎರಡೂ ಇಳಿಸಿಕೊಳ್ಳುವಾಗ ಒಂದೇ ತೂಕ. ಚಿತ್ರವನ್ನು ಬಿಡಿಸಿ ಪರದೆಗೆ ಹಚ್ಚಿದರೆ ಕೆಲಸ ಮುಗಿಯಿತು. ಜಾವಾಸ್ಕ್ರಿಪ್ಟನ್ನು ಮಾತ್ರ ಫೋನಿನ ಪ್ರೊಸೆಸರ್ ಓದಬೇಕು, ಅರ್ಥ ಮಾಡಿಕೊಳ್ಳಬೇಕು, ಯಂತ್ರಭಾಷೆಗೆ ಇಳಿಸಬೇಕು, ಆಮೇಲೆ ನಡೆಸಬೇಕು. ಈ ಕೆಲಸದ ಬಹುಪಾಲು ನಡೆಯುವುದು ಬ್ರೌಸರಿನ ಒಂದೇ ಎಳೆಯಲ್ಲಿ. ನಿಮ್ಮ ಬೆರಳ ಒತ್ತಿಗೆ ಉತ್ತರಿಸಬೇಕಾದ್ದೂ ಅದೇ ಎಳೆ. ಒಬ್ಬನೇ ಗುಮಾಸ್ತನಿರುವ ಕೌಂಟರಿನಲ್ಲಿ ಆತ ಕಂತೆ ಕಡತ ಓದುತ್ತ ಕೂತರೆ ಎದುರು ನಿಂತವರು ಎಷ್ಟು ಕರೆದರೂ ತಲೆ ಎತ್ತುವುದಿಲ್ಲವಲ್ಲ, ಹಾಗೆ. ದುಬಾರಿ ಫೋನಿನಲ್ಲಿ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುವ ಈ ಓದು ಅಗ್ಗದ ಫೋನಿನಲ್ಲಿ ಹಲವು ಸೆಕೆಂಡು ಎಳೆಯುತ್ತದೆ. ಎಆರ್‌ಎಂ ಕಂಪನಿ 2012ರಲ್ಲಿ ಪ್ರಕಟಿಸಿದ ಕಾರ್ಟೆಕ್ಸ್ ಎ53 ವಿನ್ಯಾಸದ ಕೋರ್‌ಗಳು ಹತ್ತು ವರ್ಷ ಕಳೆದರೂ ಕಡಿಮೆ ಬೆಲೆಯ ಫೋನ್‌ಗಳಲ್ಲಿ ಮಾರಾಟವಾಗುತ್ತಿದ್ದವು. ಪುಟ ಕಟ್ಟುವವರ ಮೇಜಿನ ಮೇಲಿನ ಲ್ಯಾಪ್‌ಟಾಪ್ ಮಾತ್ರ ವರ್ಷ ವರ್ಷ ಚುರುಕಾಗುತ್ತ ಬಂತು. ಅಲ್ಲಿ ನೋಡಿದರೆ ಯಾವ ಪುಟವೂ ಭಾರವೆನಿಸುವುದಿಲ್ಲ.

ಟಿಮ್ ಬರ್ನರ್ಸ್ ಲೀ 1991ರಲ್ಲಿ ಜಗತ್ತಿಗೆ ತೆರೆದಿಟ್ಟ ಮೊದಲ ಜಾಲತಾಣ ಬರೀ ಅಕ್ಷರ ಮತ್ತು ಕೊಂಡಿಗಳದ್ದು. ಇಂದಿಗೂ ಅದು ಯಾವ ಫೋನಿನಲ್ಲಾದರೂ ತೆರೆಯುತ್ತದೆ. 2016ರ ಹೊತ್ತಿಗೆ ಒಂದು ಸರಾಸರಿ ಪುಟದ ತೂಕ 1993ರ ‘ಡೂಮ್’ ಎಂಬ ಇಡೀ ಕಂಪ್ಯೂಟರ್ ಆಟದ ಇನ್‌ಸ್ಟಾಲರ್‌ಗೆ, ಅಂದರೆ ಸುಮಾರು 2.4 ಎಂಬಿಗೆ ಸಮವಾಯಿತು. ನಡುವೆ ಏನಾಯಿತು ಎಂದರೆ, ಜಿಮೇಲ್ 2004ರಲ್ಲಿ, ಗೂಗಲ್ ಮ್ಯಾಪ್ಸ್ 2005ರಲ್ಲಿ ಬಂದು ಬ್ರೌಸರಿನೊಳಗೆ ಪೂರ್ಣ ಪ್ರಮಾಣದ ತಂತ್ರಾಂಶ ನಡೆಸಬಹುದೆಂದು ತೋರಿಸಿಕೊಟ್ಟವು. ನಕ್ಷೆಯನ್ನು ಬೆರಳಿಂದ ಎಳೆಯಲು ಜಾವಾಸ್ಕ್ರಿಪ್ಟ್ ಬೇಕೇ ಬೇಕು, ಅದರಲ್ಲಿ ತಕರಾರಿಲ್ಲ. ಫೇಸ್‌ಬುಕ್ 2013ರಲ್ಲಿ ಬಿಡುಗಡೆ ಮಾಡಿದ ರಿಯಾಕ್ಟ್‌ನಂಥ ಸಲಕರಣೆಗಳು ಹುಟ್ಟಿದ್ದೂ ಅಂಥ ಜಟಿಲ ಕೆಲಸಕ್ಕೇ. ಕೆಟ್ಟದ್ದು ಶುರುವಾದದ್ದು ಅದೇ ಸಲಕರಣೆಯನ್ನು ಒಂದು ಸುತ್ತೋಲೆ, ಒಂದು ಸುದ್ದಿ, ಒಂದು ದೂರವಾಣಿ ಪಟ್ಟಿ ತೋರಿಸಲೂ ಬಳಸತೊಡಗಿದಾಗ. ಅಂಥ ಪುಟದಲ್ಲಿ ಸರ್ವರ್ ಮೊದಲು ಕಳಿಸುವುದು ಬರಿದಾದ ಚೌಕಟ್ಟು. ನೂರಾರು ಕೆಬಿ ಸ್ಕ್ರಿಪ್ಟ್ ಬಂದು, ನಡೆದು, ಅದು ಮತ್ತೆ ಸರ್ವರನ್ನು ಕೇಳಿ, ಉತ್ತರ ಬಂದ ಮೇಲೆ ಎರಡು ಸಾಲು ಮಾಹಿತಿ ಮೂಡುತ್ತದೆ. ನಡುವೆ ಸಿಗ್ನಲ್ ಹೋಯಿತೋ, ಸುತ್ತುವ ಚಕ್ರವೊಂದೇ ಗತಿ.

ಇನ್ನೊಂದು ಕಡೆಯಿಂದ ವರ್ಡ್‌ಪ್ರೆಸ್ ಬಂತು. ಜಗತ್ತಿನ ಹತ್ತು ಜಾಲತಾಣಗಳಲ್ಲಿ ನಾಲ್ಕು ಅದರ ಮೇಲೆ ನಡೆಯುತ್ತವೆ. ತಂತ್ರಜ್ಞಾನ ಗೊತ್ತಿಲ್ಲದವರಿಗೂ ತಾಣ ಕಟ್ಟುವ ಶಕ್ತಿ ಕೊಟ್ಟ ಉಪಕಾರ ದೊಡ್ಡದು. ಆದರೆ ಸಿದ್ಧ ಥೀಮ್ ಒಂದು, ಅದರ ಮೇಲೆ ಪುಟ ಜೋಡಿಸುವ ಪ್ಲಗಿನ್ ಒಂದು, ಜಾರುವ ಚಿತ್ರಗಳಿಗೆ ಇನ್ನೊಂದು, ಚಾಟ್ ಗುಳ್ಳೆಗೆ ಮತ್ತೊಂದು ಎಂದು ಸೇರಿಸುತ್ತ ಹೋದರೆ ಯಾವುದು ಯಾಕಿದೆ ಎಂದು ಹೇಳಬಲ್ಲವರು ಆ ಕಚೇರಿಯಲ್ಲಿ ಯಾರೂ ಉಳಿಯುವುದಿಲ್ಲ. ಸೇರಿಸಲು ಒಂದು ಕ್ಲಿಕ್ ಸಾಕು. ತೆಗೆಯಲು ಧೈರ್ಯ ಬೇಕು, ಏಕೆಂದರೆ ಏನು ಮುರಿಯುತ್ತದೋ ಗೊತ್ತಿಲ್ಲ.

ಈಗ ಯೂಟ್ಯೂಬಿನ ಒಂದು ಪ್ರಸಂಗ. ಅಲ್ಲಿ ಎಂಜಿನಿಯರ್ ಆಗಿದ್ದ ಕ್ರಿಸ್ ಜಕರಿಯಾಸ್ 2012ರಲ್ಲಿ ಅದನ್ನು ಬರೆದರು. ವಿಡಿಯೊ ನೋಡುವ ಪುಟ ಆಗ 1.2 ಎಂಬಿ ಮುಟ್ಟಿತ್ತು. ಅದನ್ನು 100 ಕೆಬಿಯೊಳಗೆ ತರುತ್ತೇನೆಂದು ಪಣ ತೊಟ್ಟು ಅವರು ಬೇಡದ್ದನ್ನೆಲ್ಲ ಕತ್ತರಿಸಿದರು, ಕೊನೆಗೆ 98 ಕೆಬಿ ಮತ್ತು ಸರ್ವರ್‌ಗೆ ಹೋಗುವ 14 ಕೋರಿಕೆಗಳಿಗೆ ತಂದು ನಿಲ್ಲಿಸಿದರು. ಈ ಯೋಜನೆಗೆ ಇಟ್ಟ ಹೆಸರು ‘ಫೆದರ್’. ಒಂದಿಷ್ಟು ಬಳಕೆದಾರರಿಗೆ ಹಗುರ ಪುಟ ಕೊಟ್ಟು, ವಾರ ಬಿಟ್ಟು ಅಂಕಿ ತೆಗೆದರೆ ಎಲ್ಲರೂ ಕಂಗಾಲು. ಪುಟ ತೆರೆಯುವ ಸರಾಸರಿ ಸಮಯ ಇಳಿಯುವ ಬದಲು ಏರಿತ್ತು.

ಹತ್ತು ಪಟ್ಟಿಗೂ ಹೆಚ್ಚು ಹಗುರ ಮಾಡಿದ ಪುಟ ನಿಧಾನವಾಗುವುದು ಹೇಗೆ? ಯೋಜನೆಯನ್ನೇ ಕೈಬಿಡುವ ಹಂತದಲ್ಲಿ ಅಂಕಿಗಳನ್ನು ದೇಶವಾರು ವಿಂಗಡಿಸಿ ನೋಡಿದಾಗ ಗುಟ್ಟು ಬಯಲಾಯಿತು. ಆಗ್ನೇಯ ಏಷ್ಯಾ, ದಕ್ಷಿಣ ಅಮೆರಿಕ, ಆಫ್ರಿಕಾ, ಸೈಬೀರಿಯದ ಮೂಲೆಗಳಿಂದ ಹಿಂದೆಂದೂ ಇರದಷ್ಟು ಜನ ಬಂದಿದ್ದರು. ಅವರ ಸಂಪರ್ಕದಲ್ಲಿ ಹಗುರ ಪುಟ ತೆರೆಯಲೂ ಎರಡು ನಿಮಿಷಕ್ಕಿಂತ ಹೆಚ್ಚು ಬೇಕಿತ್ತು. ಹಳೆಯ ಪುಟವಾದರೆ ಇಪ್ಪತ್ತು ನಿಮಿಷ. ಇಪ್ಪತ್ತು ನಿಮಿಷ ಯಾರು ಕಾಯುತ್ತಾರೆ? ಅವರು ಅದುವರೆಗೆ ಯೂಟ್ಯೂಬಿಗೆ ಬಂದೇ ಇರಲಿಲ್ಲ, ಹಾಗಾಗಿ ಯಾವ ಸರಾಸರಿಯಲ್ಲೂ ಇರಲಿಲ್ಲ. ಬಾಗಿಲು ತೆರೆದ ಕೂಡಲೇ ಒಳಬಂದರು, ಬಂದವರ ನಿಧಾನ ಲೆಕ್ಕದಲ್ಲಿ ಕಾಣಿಸಿಕೊಂಡಿತು.

ಭಾರದ ಪುಟಗಳ ಬಗ್ಗೆ ನಾನು ಹೇಳಬೇಕಾದ ಮುಖ್ಯ ಮಾತು ಇದೇ. ಜಾಲತಾಣ ನಡೆಸುವವರು ‘ನಮ್ಮ ಬಳಕೆದಾರರಿಗೆ ಯಾವ ತೊಂದರೆಯೂ ಇಲ್ಲ, ಅಂಕಿ ನೋಡಿ’ ಎಂದರೆ ಅವರು ಸುಳ್ಳು ಹೇಳುತ್ತಿಲ್ಲ. ತೊಂದರೆ ಇದ್ದವರು ಬಳಕೆದಾರರೇ ಆಗಲಿಲ್ಲ. ಗೂಗಲ್ 2020ರಲ್ಲಿ ತಂದ ಕೋರ್ ವೆಬ್ ವೈಟಲ್ಸ್ ಎಂಬ ಅಳತೆಗೋಲು ಈ ವಿಷಯದಲ್ಲಿ ಬಹಳ ಒಳ್ಳೆಯದನ್ನೇ ಮಾಡಿದೆ: ಪುಟದ ಮುಖ್ಯಭಾಗ 2.5 ಸೆಕೆಂಡಿನೊಳಗೆ ಕಾಣಬೇಕು. ಓದುತ್ತಿರುವಾಗ ಸಾಲುಗಳು ಜಿಗಿಯಬಾರದು. ಒತ್ತಿದ ಬಟನ್‌ಗೆ 200 ಮಿಲಿಸೆಕೆಂಡಿನೊಳಗೆ ಉತ್ತರ ಬರಬೇಕೆಂಬ ಈಗಿನ ನಿಯಮ 2024ರ ಮಾರ್ಚ್‌ನಲ್ಲಿ ಸೇರಿತು. ಆದರೆ ಅಲ್ಲೂ ನೂರು ಭೇಟಿಗಳಲ್ಲಿ 75 ಚೆನ್ನಾಗಿದ್ದರೆ ತಾಣ ಉತ್ತೀರ್ಣ. ಉಳಿದ 25 ಭೇಟಿಗಳ ಹಿಂದಿರುವವರು ಹೆಚ್ಚಾಗಿ ಹಳೆಯ ಫೋನಿನವರು, ದುರ್ಬಲ ಟವರಿನ ಊರಿನವರು. ಪತ್ರಿಕೆಗೆ ಇದು ನಡೆಯಬಹುದೇನೋ. ಪಿಂಚಣಿ, ಪಹಣಿ, ವಿದ್ಯಾರ್ಥಿವೇತನದ ಅರ್ಜಿಗೆ ನಡೆಯಲಾರದು. ಅಂಥ ತಾಣಗಳ ಅಗತ್ಯ ಹೆಚ್ಚಿರುವುದೇ ಆ 25ರಲ್ಲಿ ಇರುವವರಿಗೆ.

ಬೆಂಗಳೂರಿನಲ್ಲೇ ಇದರ ಒಂದು ಪಾಠ ನಡೆದಿದೆ. 2015ರಲ್ಲಿ ಫ್ಲಿಪ್‌ಕಾರ್ಟ್ ತನ್ನ ಮೊಬೈಲ್ ಜಾಲತಾಣ ಮುಚ್ಚಿ ಎಲ್ಲರೂ ಆ್ಯಪ್ ಹಾಕಿಕೊಳ್ಳಿ ಎಂದಿತು. ಅದರದ್ದೇ ಆಗಿದ್ದ ಮಿಂತ್ರಾ ಡೆಸ್ಕ್‌ಟಾಪ್ ತಾಣವನ್ನೂ ಮುಚ್ಚಿತು. ಅದೇ ನವೆಂಬರಿನಲ್ಲಿ ಫ್ಲಿಪ್‌ಕಾರ್ಟ್ ‘ಫ್ಲಿಪ್‌ಕಾರ್ಟ್ ಲೈಟ್’ ಹೆಸರಿನಲ್ಲಿ ಹಗುರವಾದ ಹೊಸ ಮೊಬೈಲ್ ತಾಣದೊಂದಿಗೆ ವೆಬ್‌ಗೆ ಮರಳಿತು. ಅದನ್ನು ಬಳಸಿದವರಲ್ಲಿ ನೂರಕ್ಕೆ 63 ಮಂದಿ 2ಜಿ ಜಾಲದಿಂದ ಬರುತ್ತಿದ್ದರೆಂದು ಆಗ ಪ್ರಕಟವಾದ ವಿವರ ಹೇಳುತ್ತದೆ. ಡೇಟಾ ಖರ್ಚು ಮೂರನೇ ಒಂದು ಪಾಲಿಗೆ ಇಳಿಯಿತು, ಜನ ತಾಣದಲ್ಲಿ ಕಳೆಯುವ ಸಮಯ ಮೂರು ಪಟ್ಟಾಯಿತು. ವ್ಯಾಪಾರಿಗೆ ಲಾಭ ಕಂಡ ಕಡೆ ಹಗುರ ಮಾಡುವ ಬುದ್ಧಿ ಬೇಗ ಬರುತ್ತದೆ. ಲಾಭನಷ್ಟದ ಪ್ರಶ್ನೆಯಿಲ್ಲದ ಕಚೇರಿಗಳಲ್ಲಿ ಅದನ್ನು ಯಾರಾದರೂ ಒತ್ತಾಯಿಸಿ ತರಬೇಕು.

ಕನ್ನಡದ ಓದುಗರಿಗೆ ಇದು ಹೊಸ ಕಷ್ಟವೇನೂ ಅಲ್ಲ. ನೋಕಿಯಾ ಕಾಲದಲ್ಲಿ ಎಷ್ಟೋ ಫೋನ್‌ಗಳಲ್ಲಿ ಕನ್ನಡ ಫಾಂಟೇ ಇರಲಿಲ್ಲ. ಅಕ್ಷರದ ಜಾಗದಲ್ಲಿ ಚೌಕಗಳು. ಆಗ ಒಪೆರಾ ಮಿನಿ ಎಂಬ ಬ್ರೌಸರ್ ಕೈಹಿಡಿಯಿತು. ಅದರ ಒಳಸೆಟ್ಟಿಂಗ್ ಪುಟದಲ್ಲಿ ಜಟಿಲ ಲಿಪಿಗಳಿಗೆ ಬಿಟ್‌ಮ್ಯಾಪ್ ಫಾಂಟ್ ಬಳಸು ಎಂಬ ಒಂದು ಆಯ್ಕೆ ಇತ್ತು. ಅದನ್ನು ಒತ್ತಿದರೆ ಒಪೆರಾದ ಸರ್ವರ್ ಕನ್ನಡ ಅಕ್ಷರಗಳನ್ನು ಪುಟ್ಟ ಚಿತ್ರಗಳಾಗಿ ಮಾಡಿ, ಉಳಿದ ಪುಟವನ್ನು ಹಿಂಡಿ ಹಗುರ ಮಾಡಿ ಕಳಿಸುತ್ತಿತ್ತು. ಎರಡು ಸಾವಿರ ರೂಪಾಯಿಯ ಫೋನಿನಲ್ಲಿ ಜನ ಕನ್ನಡ ಪತ್ರಿಕೆ ಓದಿದ್ದು ಹೀಗೆ. ದೂರದ ಒಂದು ಸರ್ವರ್ ಅಷ್ಟು ಕಷ್ಟಪಟ್ಟು ಓದುಗನ ಫೋನಿನ ಹೊರೆ ಇಳಿಸುತ್ತಿತ್ತು ಎನ್ನುವುದನ್ನು ನೆನೆದರೆ, ಫೋನಿನ ಮೇಲೆಯೇ ಎಲ್ಲವನ್ನೂ ಹೇರುವ ಇಂದಿನ ಪದ್ಧತಿ ನನಗೆ ಹಿನ್ನಡೆಯಾಗಿಯೇ ಕಾಣುತ್ತದೆ.

ಕನ್ನಡ ಪಠ್ಯ ತೂಕದ್ದು ಎಂಬ ಮಾತೂ ಒಮ್ಮೊಮ್ಮೆ ಕೇಳಿಬರುತ್ತದೆ. ಯುಟಿಎಫ್ 8 ಪದ್ಧತಿಯಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು, ಕನ್ನಡದ ಪ್ರತಿ ಚಿಹ್ನೆಗೆ ಮೂರು ಬೇಕು, ನಿಜ. ಈ ಅಂಕಣದಷ್ಟು ಉದ್ದದ ಬರಹ ಹತ್ತಾರು ಕೆಬಿ ಆದೀತು. ಆದರೆ ಆ ಮೂರು ಬೈಟ್‌ಗಳಲ್ಲಿ ಮೊದಲ ಎರಡು ಎಲ್ಲ ಕನ್ನಡ ಚಿಹ್ನೆಗಳಲ್ಲೂ ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ ಸರ್ವರ್ ಅದನ್ನು ಕುಗ್ಗಿಸಿ ಕಳಿಸಿದಾಗ ಬಹುಪಾಲು ಕರಗಿಹೋಗುತ್ತದೆ. ತೂಕ ಬರುವುದು ಫಾಂಟಿನಿಂದ. ಒತ್ತಕ್ಷರ, ಕಾಗುಣಿತಗಳ ರೂಪಗಳನ್ನೆಲ್ಲ ಹೊತ್ತ ಕನ್ನಡ ಫಾಂಟ್ ಇಂಗ್ಲಿಷಿನದಕ್ಕಿಂತ ಸಹಜವಾಗಿ ದೊಡ್ಡದು. ತಾಣವೊಂದು ತೆಳು, ಸಾಧಾರಣ, ದಪ್ಪ ಎಂದು ಮೂರು ಬಗೆ ತರಿಸಿದರೆ ಮೂರು ಪಟ್ಟು. ಅದು ಬರುವತನಕ ಹಲವು ಬ್ರೌಸರ್‌ಗಳು ಮೂರು ಸೆಕೆಂಡಿನವರೆಗೂ ಅಕ್ಷರಗಳನ್ನು ಅಡಗಿಸಿಡುತ್ತವೆ. ಪಠ್ಯ ಕೈಗೆ ಬಂದಿದ್ದರೂ ಓದುಗನಿಗೆ ಕಾಣುವುದು ಖಾಲಿ ಜಾಗ. ಇಂದು ವಿಂಡೋಸ್‌ನಲ್ಲಿ ನಿರ್ಮಲಾ ಯುಐ ಇದೆ, ಆಂಡ್ರಾಯ್ಡ್‌ನಲ್ಲಿ ನೋಟೊ ಸಾನ್ಸ್ ಕನ್ನಡ ಇದೆ, ಆ್ಯಪಲ್ ಸಾಧನಗಳಲ್ಲಿ ಕನ್ನಡ ಸಂಗಮ್ ಇದೆ. ಸರ್ಕಾರಿ ಸುತ್ತೋಲೆ ಓದಲು ಇವು ಧಾರಾಳ ಸಾಕು. ಸ್ವಂತ ಫಾಂಟ್ ಬೇಕೇ ಬೇಕೆಂದರೆ, ಅದು ಬರುವವರೆಗೆ ಇರುವ ಅಕ್ಷರದಲ್ಲೇ ತೋರಿಸು ಎಂದು, ಪುಟದ ರೂಪ ನಿರ್ಧರಿಸುವ ಸಿಎಸ್‌ಎಸ್‌ನಲ್ಲಿ ಹೇಳುವುದಕ್ಕೆ ಒಂದು ಸಾಲು ಬರೆದರಾಯಿತು.

ವೇಗದ ಮಾತಾಯಿತು, ಬಳಕೆಯ ಕಷ್ಟ ಇನ್ನೊಂದು ಬಗೆಯದು. ಜನ್ಮದಿನಾಂಕ ತುಂಬುವ ಜಾಗವನ್ನೇ ನೋಡಿ. ಎಷ್ಟೋ ಅರ್ಜಿಗಳಲ್ಲಿ ಅಲ್ಲಿ ಬೆರಳಿಟ್ಟರೆ ಅಂದವಾದ ಕ್ಯಾಲೆಂಡರ್ ತೆರೆದುಕೊಳ್ಳುತ್ತದೆ, ಈ ತಿಂಗಳು ತೋರಿಸುತ್ತ. ಪಕ್ಕದಲ್ಲಿ ಹಿಂದಿನ ತಿಂಗಳಿಗೆ ಹೋಗುವ ಬಾಣ. 1956ರಲ್ಲಿ ಹುಟ್ಟಿದ ಹಿರಿಯರು ತಮ್ಮ ತಿಂಗಳು ತಲುಪಲು ಆ ಬಾಣವನ್ನು ಎಂಟುನೂರಕ್ಕೂ ಹೆಚ್ಚು ಸಲ ಒತ್ತಬೇಕು. ಮೇಲಿನ ಇಸವಿಯನ್ನು ಒತ್ತಿದರೆ ವರ್ಷಗಳ ಪಟ್ಟಿ ಬರುತ್ತದೆಂಬ ಉಪಾಯ ಕೆಲವು ಕ್ಯಾಲೆಂಡರುಗಳಲ್ಲಿ ಇದ್ದರೂ ಅದನ್ನು ಯಾರೂ ಹೇಳಿಕೊಟ್ಟಿರುವುದಿಲ್ಲ. ಕೈಯಿಂದ ಬರೆಯೋಣವೆಂದರೆ ಬಿಡುವುದಿಲ್ಲ. ಈ ಕ್ಯಾಲೆಂಡರನ್ನು ಮೂಡಿಸಲೆಂದೇ ಒಂದು ಜಾವಾಸ್ಕ್ರಿಪ್ಟ್ ಕಂತೆ ಬಂದಿರುತ್ತದೆ. ಬ್ರಿಟನ್ ಸರ್ಕಾರದ ಗವ್ ಡಾಟ್ ಯುಕೆ ತಾಣ ಇದೇ ಕೆಲಸಕ್ಕೆ ದಿನ, ತಿಂಗಳು, ವರ್ಷ ಎಂದು ಮೂರು ಸಾದಾ ಪೆಟ್ಟಿಗೆ ಇಡುತ್ತದೆ. ಮೂರು ಸಂಖ್ಯೆ ಬರೆದರೆ ಮುಗಿಯಿತು.

ಹಾಗೆಯೇ ಬ್ರೌಸರಿನಲ್ಲೇ ಇರುವ ಸಾದಾ ಬಟನ್, ಸಾದಾ ಪಟ್ಟಿಗಳನ್ನು ಬಿಟ್ಟು ಅಂದಕ್ಕಾಗಿ ಹೊಸದಾಗಿ ಚಿತ್ರಿಸಿದ ಬಟನ್‌ಗಳು. ಕಣ್ಣಿಗೆ ಅದು ಬಟನ್ನೇ. ಕಣ್ಣು ಕಾಣದವರಿಗೆ ಪರದೆ ಓದಿ ಹೇಳುವ ಎನ್‌ವಿಡಿಎ ತಂತ್ರಾಂಶಕ್ಕೆ ಮಾತ್ರ, ಕಟ್ಟಿದವರು ವಿಶೇಷವಾಗಿ ತಿಳಿಸದಿದ್ದರೆ, ಅದು ಬಟನ್ ಎಂದೇ ಗೊತ್ತಾಗುವುದಿಲ್ಲ. ಅರ್ಜಿ ಪೂರ್ತಿ ತುಂಬಿದ ಮೇಲೆ ಸಲ್ಲಿಸುವ ದಾರಿ ಕಾಣದೆ ಅವರು ಇನ್ನೊಬ್ಬರನ್ನು ಕರೆಯಬೇಕು. ಪುಟ ತೆರೆಯುವ ನಡುವೆ ಮೇಲೊಂದು ಜಾಹೀರಾತು ಬಂದು ಕೂತು, ಸಾಲುಗಳೆಲ್ಲ ಕೆಳಗೆ ಜಿಗಿದು, ಬೆರಳು ಬೇರೆಲ್ಲೋ ತಾಗುವ ಅನುಭವ ಎಲ್ಲರಿಗೂ ಆಗಿದೆ. ಚಿತ್ರದ ಅಗಲ ಎತ್ತರವನ್ನು ಮೊದಲೇ ಬರೆದಿಟ್ಟು ಜಾಗ ಕಾದಿರಿಸಿದರೆ ಅದು ನಿಲ್ಲುತ್ತದೆ.

ಪರಿಹಾರಗಳು ಇಷ್ಟು ಸಣ್ಣವು ಎನ್ನುವುದೇ ನನ್ನ ಸಂಕಟಕ್ಕೆ ಕಾರಣ. ಅದೇ ಬ್ರಿಟನ್ ತಾಣ 2022ರಲ್ಲಿ ಜೆಕ್ವೆರಿ ಎಂಬ ಹಳೆಯ ಸ್ಕ್ರಿಪ್ಟ್ ಸಂಗ್ರಹವನ್ನು ತೆಗೆದುಹಾಕಿತು. ಅದರಿಂದ ಉಳಿತಾಯವಾದದ್ದು ಬರೀ 32 ಕೆಬಿ. ಅಷ್ಟಕ್ಕೆ ಇಷ್ಟು ಶ್ರಮವೇಕೆ ಎಂದು ಯಾರಾದರೂ ಕೇಳಬಹುದು. ಅಳೆದಾಗ ತೀರಾ ಕಷ್ಟದ ಸಂಪರ್ಕದಲ್ಲಿರುವವರಿಗೂ ಪುಟ ಬಿಗಿದುಕೊಂಡು ಕೂರುವ ಸಮಯ ಹತ್ತರಲ್ಲಿ ಒಂದು ಪಾಲು ಕಡಿಮೆಯಾಗಿತ್ತು. ಯಾರಿಗಾಗಿ ತಾಣ ಕಟ್ಟುತ್ತಿದ್ದೇವೆಂದು ನೆನಪಿಟ್ಟವರು 32 ಕೆಬಿಗೂ ಬೆಲೆ ಕೊಡುತ್ತಾರೆ. ಇತ್ತ ಗೂಗಲ್ ನಿಧಾನ ಸಂಪರ್ಕದವರಿಗೆಂದು ಇಟ್ಟಿದ್ದ ಜಿಮೇಲಿನ ಸರಳ ಎಚ್‌ಟಿಎಂಎಲ್ ರೂಪಕ್ಕೆ 2024ರಲ್ಲಿ ವಿದಾಯ ಹೇಳಿತು. ಅದು ತಪ್ಪು ನಿರ್ಧಾರವೆಂದೇ ನನ್ನ ಅಭಿಪ್ರಾಯ.

ಜಾಲತಾಣ ಮಾಡಿಸುವ ಅಧಿಕಾರಿಗಳು, ಸಂಪಾದಕರು, ಕಾಲೇಜು ಪ್ರಾಂಶುಪಾಲರು, ಸಂಘಗಳ ಕಾರ್ಯದರ್ಶಿಗಳು ದಯವಿಟ್ಟು ಗುತ್ತಿಗೆಯ ಕರಾರಿನಲ್ಲಿ ಒಂದು ಸಾಲು ಸೇರಿಸಿ: ಪುಟದ ತೂಕ ಇಷ್ಟು ಕೆಬಿ ಮೀರಬಾರದು. ಹಣ ಪಾವತಿಸುವ ಮುನ್ನ ಎಂಟು ಸಾವಿರ ರೂಪಾಯಿಯ ಫೋನಿನಲ್ಲಿ, ವೈಫೈ ಆರಿಸಿ, ನೀವೇ ಒಂದು ಅರ್ಜಿ ತುಂಬಿ ನೋಡಿ. ಫೋನ್ ಸಿಗದಿದ್ದರೆ ಕಂಪ್ಯೂಟರಿನ ಕ್ರೋಮ್‌ನಲ್ಲಿ ಎಫ್12 ಒತ್ತಿ, ನೆಟ್‌ವರ್ಕ್ ವಿಭಾಗದಲ್ಲಿ 3ಜಿ ಆರಿಸಿಕೊಂಡರೂ ಸಂಪರ್ಕ ನಿಧಾನವಾದಾಗ ಏನಾಗುತ್ತದೆಂದು ಗೊತ್ತಾಗುತ್ತದೆ.

ಓದುಗರಲ್ಲೂ ಒಂದು ಕೋರಿಕೆ. ಪುಟ ತೆರೆಯದೇ ಬಿಟ್ಟುಬಂದರೆ ಅದು ಯಾರ ಲೆಕ್ಕಕ್ಕೂ ಸಿಗುವುದಿಲ್ಲ. ಯಾವ ಫೋನ್, ಯಾವ ಊರು, ಯಾವ ಪುಟ, ಎಷ್ಟು ಹೊತ್ತು ಕಾದಿರಿ ಎಂದು ಎರಡು ಸಾಲು ಆ ಕಚೇರಿಗೆ ಬರೆದು ಹಾಕಿ.